ನೀರು ತುಂಬುವ ದಿನ ನೀರು ಮುಟ್ಟದ ಬಚ್ಚಲು

ರೀ,

ದೊಡ್ಡಮುನಿಯಮ್ಮನವರ ಹಳೇ ಹಂಡೆ ಕೇಳಿ ತರೋಕೆ ಹೋಗಿದ್ದೇನೆ. ಯಾಕೆ ಅಂತ ನೀವೊಬ್ಬರು ಮಾತ್ರ ಕೇಳಬೇಡಿ.

ಊರಿಗೆಲ್ಲ ಇವತ್ತು ನೀರು ತುಂಬುವ ಹಬ್ಬ. ನಮ್ಮ ಬಚ್ಚಲಲ್ಲಿ ಮಾತ್ರ ಎರಡು ದಿನ ತೊಟ್ಟು ನೀರು ಬೀಳಕೂಡದು. ಟೈಲ್ಸಿನ ಸಂದೆಲ್ಲ ಕಪ್ಪಗಾಗಿದೆ, ಬಿಳಿ ಸಿಮೆಂಟು ತುಂಬಿಸಿ ಅಂತ ಯುಗಾದಿಯಿಂದ ಬಡ್ಕೊಂಡೆ. "ಮೇಸ್ತ್ರಿ ಯಾಕೇ, ನಾನೇ ಮಾಡ್ತೀನಿ ಬಿಡು" ಅಂದವರಿಗೆ ಮುಹೂರ್ತ ಸಿಕ್ಕಿದ್ದು ನಿನ್ನೆ!

ಸುಣ್ಣಕ್ಕೆ ಹಾಕುವ ಹಾಗೆ ಸಿಮೆಂಟಿಗೂ ನೀಲಿ ಹಾಕಿದ್ದೀರಿ, ಸರಿ. ಚಿಟಿಕೆ ಸಾಕಿತ್ತು. ಈಗ ನೆಲ ಗೆರೆ ಎಳೆದ ಕಾಪಿ ಪುಸ್ತಕದ ಹಾಗಿದೆ. ಅಳಿಯಂದಿರು ಬೇರೆ ಮೇಷ್ಟ್ರು, ತಿದ್ದೋಕೆ ಕೂತಾರು.

ಅವರೂ ಸರೋಜಳೂ ನಾಲ್ಕು ಗಂಟೆ ರೈಲಿಗೆ ಬರ್ತಾರೆ, ಸ್ಟೇಷನ್ನಿಗೆ ಹೋಗಿ. ಅದಕ್ಕೆ ಮುಂಚೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಸುತ್ತ ನನ್ನ ಹಳೇ ಸೀರೆ ಕಟ್ಟಿ. ನಮ್ಮ ಹಂಡೆ ಬಚ್ಚಲೊಲೆಯಲ್ಲೇ ಕೂತಿದೆ, ಅದನ್ನು ಅಲ್ಲಾಡಿಸೋಕೆ ಹೋಗಬೇಡಿ. ಮದುವೆಯಾದ ಮೊದಲ ದೀಪಾವಳಿ, ಅಳಿಯಂದಿರಿಗೆ ಎಣ್ಣೆನೀರು ನುಗ್ಗೆಮರದ ಕೆಳಗೆ! ಬೆನ್ನುಜ್ಜುವ ಕೆಲಸ ನಿಮ್ಮದೇ.

ಬಚ್ಚಲು ತೋರಿಸದೆ ನೀವು ಬಿಡೋರಲ್ಲ, ಗೊತ್ತು. ಬಾಗಿಲಲ್ಲೇ ನಿಲ್ಲಿಸಿ ತೋರಿಸಿ. ಯಾರೂ ಒಳಗೆ ಕಾಲಿಡಬಾರದು.

ಒಲೆ ಪಕ್ಕದ ಹಸಿ ಗೆರೆಯ ಮೇಲೆ ಒಂದು ಹೆಜ್ಜೆ ಮೂಡಿದೆ. "ಪರವಾಗಿಲ್ಲ, ಚೆನ್ನಾಗೇ ಮಾಡಿದ್ದಾರೆ" ಅನ್ನಿಸಿ, ಹತ್ತಿರದಿಂದ ನೋಡೋಕೆ ಬೆಳಿಗ್ಗೆ ನಾನೇ ಒಳಗೆ ಹೋಗಿದ್ದೆ. ಅಳಿಯಂದಿರು ಕೇಳಿದರೆ ಲಕ್ಷ್ಮಿ ಬಂದಿದ್ದಳು ಅನ್ನಿ.

ಸೊಣ್ಣಮ್ಮ