ಮಾವ ಅಗಲ ಮಾಡಿದ ತೂತುಗಳು

ಪಂಪ್ ಮನೆಯಿಂದ,
ಮಾರ್ಚ್ ೧೭, ಬೆಳಿಗ್ಗೆ

ಅಕ್ಕರೆಯ ಅತ್ತೇ,

ಕಣ್ಣಿನ ಪಟ್ಟಿ ಬಿಚ್ಚಿದರಾ? ಉರಿ ಇಳಿಯಿತಾ? ಕಾಗದವನ್ನು ನೀವು ಓದಬೇಡಿ, ನಾದಿನಿಯೇ ಓದಿ ಹೇಳಲಿ.

ಸುದ್ದಿ ಕೇಳಿ: ಕೊನೆಯ ಹೊಲಕ್ಕೆ ನೀರು ಬಂತು! ಮಳೆ ತಿಂಗಳು ಮರೆತು ಮೂರು ವರ್ಷವಾಯಿತು. ಬಂದರೂ ಒಂದೇ ಮಧ್ಯಾಹ್ನ ಸುರಿದು ಮಣ್ಣು ಹೊತ್ತೊಯ್ಯುತ್ತದೆ. ಅದಕ್ಕೇ ತಾನೆ ಹನ್ನೊಂದು ಮನೆಯವರು ಸೇರಿ ಹನಿ ನೀರಾವರಿ ಹಾಕಿಸಿದ್ದು? ನೀವು ಊರು ಬಿಟ್ಟ ವಾರಕ್ಕೇ ಕೊನೆಯ ಹೊಲದ ಚಿಕ್ಕಮ್ಮನ ಟೊಮೆಟೊ ಗಿಡಗಳು ಬಾಡಿದವು. “ಪೈಪು ಕಿತ್ತು ಬಿಸಾಕಿ, ಕಾಲುವೆಯೇ ಸಾಕು” ಎಂದು ಮೇಲಿನ ಹೊಲದ ನಗಾರಿ (ನೀವೇ ಇಟ್ಟ ಹೆಸರು!) ಬಡಿದುಕೊಂಡ. ಅವನಿಗೇನು, ಕಾಲುವೆ ಮೊದಲು ಮುಟ್ಟುವುದೇ ಅವನ ಹೊಲ. ನೀರು ಯಾರಪ್ಪನ ಮನೆ ಸ್ವತ್ತೂ ಅಲ್ಲ ಎಂದು ಮುಖಕ್ಕೆ ಹೇಳಿಬಂದೆ.

ಆಮೇಲೆ ಪೈಪಿನ ಜಾಡು ಹಿಡಿದು ನಡೆದೆ. ಕಳ್ಳ ಸಿಕ್ಕಿದ್ದು ನಮ್ಮ ಹೊಲದಲ್ಲೇ! ಮಾವ ದಬ್ಬಣ ಕಾಯಿಸಿ ಒಂದೊಂದು ತೂತನ್ನೂ ಕಡಲೆಕಾಳು ತೂರುವಷ್ಟು ಅಗಲ ಮಾಡಿದ್ದಾರೆ. ನೀರೆಲ್ಲ ಇಲ್ಲೇ ಸುರಿದು, ಮುಂದಕ್ಕೆ ಹೋಗುವ ಒತ್ತಡವೇ ಇಲ್ಲ. “ಇದೇನಮ್ಮಾ ನೀರು, ನೆಗಡಿ ಮೂಗು ಸೋರಿದ ಹಾಗೆ! ನೆಲ ಕಪ್ಪಗಾಗದೆ ಗಿಡ ಏನು ಕುಡಿಯುತ್ತೆ?” ಅಂದರು. ಜೀವಮಾನವಿಡೀ ಪಾತಿ ತುಂಬ ನೀರು ನಿಲ್ಲಿಸಿದ ಜೀವ, ಪಾಪ. ಆದರೆ ಪಾಪ ಎಂದು ಬಾಯಿ ಮುಚ್ಚಿದ್ದರೆ ಚಿಕ್ಕಮ್ಮನ ಬೆಳೆ ಸುಟ್ಟುಹೋಗುತ್ತಿತ್ತು. ಎಲ್ಲರನ್ನೂ ಕರೆದು, ಪೈಪು ನಮಗಿಂತ ಮೊದಲು ಮುಟ್ಟುವ, ತೂತು ಹಾಗೇ ಇರುವ ಪಕ್ಕದ ಹೊಲದಲ್ಲಿ ಮೇಲ್ಮಣ್ಣು ಒಣಗಿ ಕಾಣುವ ಕಡೆಯೇ ಗುದ್ದಲಿ ಹಾಕಿದೆ. ಗೇಣು ಆಳದಲ್ಲಿ ಬೇರಿನ ಸುತ್ತ ಮಣ್ಣು ತಣ್ಣಗೆ, ಉಂಡೆ ಕಟ್ಟುವಷ್ಟು ಹಸಿ! ಮಾವನ ಅಂಗೈಗಿಟ್ಟೆ. ಹಿಸುಕಿದರು, ಮೂಸಿದರು. “ಕೈ ಒಪ್ಪಿತು. ಬಾಯಿ ಒಪ್ಪಲು ನಾಲ್ಕು ದಿನ ಬೇಕು” ಅಂದರು! ಅಂದೇ ಹಾಳಾದ ಪೈಪು ಬದಲಿಸಿದೆವು. ನಿನ್ನೆ ಚಿಕ್ಕಮ್ಮ ಗಿಡದ ಬುಡದಲ್ಲಿ ಕೂತು, ಹನಿ ಬೀಳುವುದನ್ನೇ ನೋಡುತ್ತಿದ್ದರು. ಕರೆದರೂ ಏಳಲಿಲ್ಲ.

ಆರೋಗ್ಯ ಜೋಪಾನ. ನಾದಿನಿಯ ಮಕ್ಕಳಿಗೆ ಮುದ್ದು, ನಿಮಗೆ ನಮಸ್ಕಾರ.

ನಿಮ್ಮ ಬಾಯಿಬಡುಕಿ ಸೊಸೆ

ತಾ.ಕ.: ಕಾಗದ ಒಯ್ಯುವ ಬಸ್ಸು ಹೊರಡುತ್ತಿದೆ, ಅವಸರ. ನಗಾರಿ ಸುಮ್ಮನಾಗಿಲ್ಲ, ಪೈಪು ಇರಬೇಕೋ ಬೇಡವೋ ಎಂದು ಭಾನುವಾರ ಕೈ ಎತ್ತಿಸುತ್ತಾನೆ. ಐದು ಮನೆ ಆ ಕಡೆ, ಐದು ಮನೆ ಈ ಕಡೆ. ನಮ್ಮ ಹೊಲ ನಿಮ್ಮ ಹೆಸರಲ್ಲಿರುವುದರಿಂದ ಮಾವನ ಕೈಯೂ ನಡೆಯದು, ನನ್ನದೂ ನಡೆಯದು. ಬರಲಾಗದಿದ್ದರೆ ಸಹಿ ಹಾಕಿದ ಒಂದು ಸಾಲು ಸಾಕು. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಸುಳ್ಳು, ಹೇಳುತ್ತೇನೆ: ಪೈಪು ಇರಲಿ ಎಂದು ಬರೆಯಿರಿ!