ನೀಲಿ ಮುಖಕ್ಕೊಂದು ಮೆಮೊ

ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ವಾರ್ಡಿನ ನರ್ಸ್ ಜಿನ್ಸಿಗೆ ಕೊಟ್ಟಿರುವ ಮೆಮೊವನ್ನು ಹಿಂದಕ್ಕೆ ಪಡೆಯಿರಿ. ಮೊದಲು ಕ್ಷೇಮ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವುದು ಪತ್ರದ ಪದ್ಧತಿ, ಬಲ್ಲೆ. ಆದರೆ ನಮ್ಮ ಆಸ್ಪತ್ರೆಯಲ್ಲಿ ಕ್ಷೇಮ ವಿಚಾರಿಸಿದ್ದೇ ಈ ರಾದ್ಧಾಂತಕ್ಕೆಲ್ಲ ಕಾರಣವಾದ್ದರಿಂದ ಅದನ್ನು ಕೈಬಿಟ್ಟಿದ್ದೇನೆ.

ಓಣಂ ಮುಗಿದ ವಾರ ತಾವು ಸಿಬ್ಬಂದಿ ಕ್ಷೇಮ ಯೋಜನೆಯನ್ನು ಉದ್ಘಾಟಿಸಿದಿರಿ. ಕೊಚ್ಚಿಯಿಂದ ಬಂದ ತರಬೇತುದಾರರು ಊಟದ ಬಿಡುವಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಗಿ ಎಂದರು. ಹಸಿದ ಹೊಟ್ಟೆಯನ್ನು ಹೇಗೂ ಹಿಡಿದುಕೊಂಡೇ ಇದ್ದೆವು, ನಕ್ಕೆವು. ಆಮೇಲೆ ಪ್ರತಿ ವಾರ್ಡಿಗೂ ಒಂದೊಂದು ಹಲಗೆ ಬಂತು. ಡ್ಯೂಟಿಗೆ ಬಂದವರು ತಮ್ಮ ಹೆಸರಿನ ಮುಂದೆ ಒಂದು ಮುಖದ ಚೀಟಿ ಅಂಟಿಸಬೇಕು: ಖುಷಿಯಿದ್ದರೆ ನಗುವ ಹಳದಿ ಮುಖ, ದಣಿದಿದ್ದರೆ ಸಪ್ಪೆ ನೀಲಿ ಮುಖ. ‘ಮನಸ್ಸಿನಲ್ಲಿರುವುದನ್ನು ಭಯವಿಲ್ಲದೆ ಹೇಳಿ’ ಎಂದು ಮೇಲೆ ತಮ್ಮ ಸಹಿಯೊಂದಿಗೆ ಬರೆದಿತ್ತು. ನಾಲ್ಕು ತಿಂಗಳು ಎಲ್ಲರೂ ಹಳದಿಯನ್ನೇ ಅಂಟಿಸಿದೆವು. ನಲವತ್ತು ಹಾಸಿಗೆಗೆ ಇಬ್ಬರೇ ಇದ್ದ ದಿನವೂ ಹಳದಿ. ನನ್ನ ಅಮ್ಮ ತೀರಿಕೊಂಡ ನಲವತ್ತೊಂದನೆಯ ದಿನದ ಪ್ರಾರ್ಥನೆಗೆ ರಜೆ ಸಿಗದೆ ಡ್ಯೂಟಿಗೆ ಬಂದಾಗಲೂ ನಾನು ಹಳದಿಯನ್ನೇ ಅಂಟಿಸಿದೆ.

ಜಿನ್ಸಿ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಲು ಮೂರು ವಾರ ಬಾಕಿ. ರಜೆಯಿಲ್ಲದೆ ಸತತ ಹತ್ತನೆಯ ದಿನ ಬಂದ ಬೆಳಿಗ್ಗೆ ಅವಳು ನೀಲಿ ಮುಖ ಅಂಟಿಸಿದಳು.

“ಹುಚ್ಚು ಹಿಡೀತೇನೇ ನಿಂಗೆ? ತೆಗಿ ಅದನ್ನ,” ಎಂದೆ.

“ಯಾಕೆ ಚೇಚಿ? ಭಯ ಇಲ್ದೆ ಹೇಳಿ ಅಂತ ಅವ್ರೇ ಬರ್ದಿದಾರಲ್ಲ?”

“ಬರಿಯೋದಕ್ಕೇನು! ಗೋಡೆ ಮೇಲೆ ‘ಮೌನವಾಗಿರಿ’ ಅಂತಾನೂ ಬರ್ದಿದೆ. ಯಾರ್ ಕೇಳ್ತಾರೆ?”

ಅವಳು ನಕ್ಕಳು, ಚೀಟಿ ತೆಗೆಯಲಿಲ್ಲ. ಮಧ್ಯಾಹ್ನ ತಮ್ಮ ಕಚೇರಿಯಿಂದ ಕರೆ ಬಂತು. ಒಂದು ದಿನ ರಜೆ ಕೊಡುತ್ತಾರೆಂದೇ ನಾನು ನಂಬಿದ್ದೆ. ಅವಳು ತಂದದ್ದು ಮೆಮೊ: ‘ರೋಗಿಗಳೆದುರು ಸಂಸ್ಥೆಯ ಹರ್ಷದ ವಾತಾವರಣಕ್ಕೆ ಧಕ್ಕೆ.’ ಮೆಮೊ ಪಡೆದವರಿಗೆ ಅನುಭವ ಪತ್ರ ಇಲ್ಲವೆಂಬುದು ತಮ್ಮ ನಿಯಮ. ಎರಡು ವರ್ಷದ ಆ ಪತ್ರವಿಲ್ಲದಿದ್ದರೆ ಮಸ್ಕತ್ತಿನಲ್ಲಿ ಅವಳಿಗೆ ನಿಗದಿಯಾಗಿರುವ ಕೆಲಸ ಕೈತಪ್ಪುತ್ತದೆ. ಎರಡು ವರ್ಷದ ದುಡಿಮೆಯನ್ನು ಬೆರಳಗಲದ ಚೀಟಿಯೊಂದು ನುಂಗಿಹಾಕಬೇಕೇ?

ರೋಗಿಯನ್ನು ನಾವು ದಿನಕ್ಕೆ ಮೂರು ಸಲ ಕೇಳುತ್ತೇವೆ: ನೋವು ಹತ್ತರಲ್ಲಿ ಎಷ್ಟು? ಎಂಟು ಎಂದರೆ ಮದ್ದು ಕೊಡುತ್ತೇವೆ, ಮೆಮೊ ಕೊಡುವುದಿಲ್ಲ. ಇಷ್ಟು ಸರಳ ಶುಶ್ರೂಷೆ ತಮಗೆ ತಿಳಿಯದೇ? ನಾಳೆ ದಣಿದ ಕೈಯೊಂದು ಔಷಧಿಯ ಅಳತೆ ತಪ್ಪಿದರೆ, ಆ ರೋಗಿಯ ಮನೆಯವರೆದುರು ತಾವು ಯಾವ ಬಣ್ಣದ ಮುಖ ಅಂಟಿಸಿಕೊಳ್ಳುತ್ತೀರಿ? ನಾನೇನೂ ಸಾಚಾ ಅಲ್ಲ. ಹತ್ತೊಂಬತ್ತು ವರ್ಷದಿಂದ ಹೊಸಬರಿಗೆ ಇಂಜೆಕ್ಷನ್ ಕೊಡುವುದರ ಜೊತೆಗೆ ಸುಳ್ಳು ನಗುವನ್ನೂ ಕಲಿಸಿದವಳು ನಾನು. ಅದಕ್ಕೆ ಈಗ ನಾಚಿಕೆಯಾಗುತ್ತಿದೆ.

ಮೆಮೊ ಕೊಟ್ಟ ಮಾರನೆಯ ದಿನವೇ ತಾವು ನೀಲಿ ಚೀಟಿಗಳನ್ನೆಲ್ಲ ವಾಪಸು ತರಿಸಿಕೊಂಡಿರಿ. ಅಲ್ಲಿಗೆ ದಣಿವು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಯಿತು! ಹಾಗಾಗಿ ನಿನ್ನೆ ನಾನು ಹಳದಿ ಮುಖವನ್ನೇ ತಿರುಗಿಸಿ ಅಂಟಿಸಿದೆ. ಹದಿನೆಂಟನೆಯ ಹಾಸಿಗೆಯ ಮುದುಕ ಕುರಿಯಾಕೋಸ್ ಕಣ್ಣು ಕಿರಿದು ಮಾಡಿ ನೋಡಿದರು.

“ಸಿಸ್ಟರೇ, ನಿಮ್ಮದು ತಲೆಕೆಳಗಾಗಿದೆ. ನಗೋ ಬಾಯಿ ಅಳೋ ಹಾಗೆ ಕಾಣ್ತಿದೆ.”

“ಈಗಲೇ ಸರಿಯಾಗಿರೋದು, ಅಪ್ಪಚ್ಚಾ.”

“ಹಾಗಾದ್ರೆ ನಂಗೂ ಒಂದು ಕೊಡಿ. ಇಲ್ಲಿಯ ಗಂಜಿ ಬಟ್ಟಲಿಗೆ ಅಂಟಿಸ್ತೀನಿ.”

ಮೆಮೊ ರದ್ದಾಗಬೇಕು, ಎರಡು ವರ್ಷ ತುಂಬಿದ ದಿನವೇ ಅನುಭವ ಪತ್ರ ಜಿನ್ಸಿಯ ಕೈ ಸೇರಬೇಕು, ಎಲ್ಲರಿಗೂ ವಾರಕ್ಕೊಂದು ರಜೆ ತಪ್ಪದೆ ಸಿಗಬೇಕು. ಶುಕ್ರವಾರದೊಳಗೆ ತಮ್ಮ ಒಪ್ಪಿಗೆ ಬಾರದಿದ್ದರೆ ಶನಿವಾರ ಬೆಳಿಗ್ಗೆ ನಮ್ಮ ಹಲಗೆಯಲ್ಲಿ ವಾರ್ಡಿನ ಹನ್ನೊಂದು ನರ್ಸುಗಳ ಮುಖಗಳೂ ತಲೆಕೆಳಗಾಗಿರುತ್ತವೆ. ಯಾರೂ ಕೆಲಸ ನಿಲ್ಲಿಸುವುದಿಲ್ಲ, ಯಾರೂ ಸುಳ್ಳು ನಗುವುದೂ ಇಲ್ಲ. ಮೆಮೊ ಬರೆಯುವುದಾದರೆ ಹನ್ನೊಂದನ್ನೂ ಬರೆಯಿರಿ. ಮೊದಲನೆಯದು ನನಗಿರಲಿ. ಹೆಸರು ತಪ್ಪಾಗಬಾರದೆಂದು ಕೆಳಗೆ ಬಿಡಿಸಿ ಬರೆದಿದ್ದೇನೆ.

ಇಂತಿ,
ನಾಲ್ಕು ತಿಂಗಳು ಹಳದಿ ಸುಳ್ಳು ಅಂಟಿಸಿದ
ತ್ರೇಸ್ಯಾಮ್ಮ ವರ್ಕಿ
ಹಿರಿಯ ನರ್ಸ್, ಗಂಡಸರ ವಾರ್ಡು