ಸರಾಸರಿಗೆ ಸಿಗದ ಗುಡ್ಡ

ಡೇಜಾನ್,
ಆಗಸ್ಟ್ 21

ಪ್ರೀತಿಯ ಅಣ್ಣನಿಗೆ,

ಹೈಫಾಂಗಿನ ಸೆಕೆಯಲ್ಲಿ ನಿನ್ನ ಬೆನ್ನುನೋವು ಹೇಗಿದೆ? ಆ ಪರದೇಶದ ಕಾರ್ಖಾನೆಯ ಊಟ ಒಗ್ಗುತ್ತಿಲ್ಲವೆಂದು ಅತ್ತಿಗೆ ಹೇಳಿದರು. ಅವರು ಕಳಿಸುತ್ತಿರುವ ಮೆಣಸಿನಪುಡಿ, ಕಡಲಪಾಚಿಯ ಪೊಟ್ಟಣದೊಳಗೆ ಈ ಕಾಗದವನ್ನೂ ಇಡುತ್ತಿದ್ದೇನೆ. ಫೋನಿನಲ್ಲಾದರೆ ನೀನು ‘ಆಮೇಲೆ ಮಾತಾಡೋಣ ಕಣೋ’ ಅನ್ನುತ್ತೀಯ.

ನಾನು ಚೆನ್ನಾಗಿದ್ದೇನೆ, ಅಂದರೆ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ದಕ್ಷಿಣದ ಗುಡ್ಡಗಾಡಿನ ಮೊಬೈಲ್ ಗೋಪುರಗಳನ್ನು ಕಡಿಮೆ ಮಾಡುವ ಯೋಜನೆ ಈ ಬೇಸಿಗೆಯಿಡೀ ನನ್ನ ಪಾಲಿಗೆ ಬಂದಿದೆ. ಎಷ್ಟು ಉಳಿಯಬೇಕೆಂದು ಮೇಲಿನವರು ಹೇಳುತ್ತಾರೆ. ಯಾವುವು ಎಂದು ಪ್ರೋಗ್ರಾಂ ಹುಡುಕುತ್ತದೆ. ನಕ್ಷೆಯ ಮೇಲೆ ಒಂದನ್ನು ನಂದಿಸಿ, ಇನ್ನೊಂದನ್ನು ಹೊತ್ತಿಸಿ, ಎಷ್ಟು ಜನರಿಗೆ ಸಿಗ್ನಲ್ ತಪ್ಪಿತೆಂದು ನೋಡುತ್ತದೆ. ಮೊದಮೊದಲು ನಷ್ಟವಾದರೂ ಒಪ್ಪಿಕೊಂಡು ಅಲೆಯುತ್ತದೆ. ಬರಬರುತ್ತಾ, ಕಾದ ಕಬ್ಬಿಣ ತಣ್ಣಗಾಗುವ ಹಾಗೆ, ಒಂದು ಉತ್ತರದಲ್ಲಿ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಊರಿಲ್ಲ, ನೆಂಟರಿಲ್ಲ. ಅದೇ ಕಾರಣಕ್ಕೆ ನನಗದು ಹಿಡಿಸುತ್ತಿತ್ತು.

ಕಳೆದ ತಿಂಗಳು ಪ್ರೋಗ್ರಾಂ ಕೊಟ್ಟ ಉತ್ತರದಲ್ಲಿ, ಉಳಿಯುವವುಗಳ ಸಾಲಿನಲ್ಲಿ, ಸೊಲ್ಗೊಲ್ ಗೋಪುರ ಇರಲಿಲ್ಲ. ಅಪ್ಪ, ಅಜ್ಜ ಮಲಗಿರುವ ಗುಡ್ಡಕ್ಕೆ ಸಿಗ್ನಲ್ ಬರುವುದು ಅದೊಂದರಿಂದಲೇ. ಎಲ್ಲಿ ಎಷ್ಟು ಜನರಿದ್ದಾರೆಂದು ಪ್ರೋಗ್ರಾಂ ತಿಳಿಯುವುದು ವರ್ಷದ ಸರಾಸರಿಯಿಂದ. ಚುಸೊಕ್ ಹಬ್ಬಕ್ಕೆ ಮುಂಚೆ ಸಮಾಧಿಯ ಹುಲ್ಲು ಕೊಯ್ಯಲು ಒಂದು ದಿನ ಗುಡ್ಡ ಹತ್ತುವವರು ಸರಾಸರಿಯಲ್ಲಿ ಯಾರೂ ಅಲ್ಲ.

ಹೋದ ವರ್ಷ ಚಿಕ್ಕಪ್ಪನ ಹುಲ್ಲು ಕೊಯ್ಯುವ ಯಂತ್ರದ ಅಲಗು ಅಪ್ಪನ ಸಮಾಧಿಯ ದಿಬ್ಬದ ಪಕ್ಕ, ನೆಲದೊಳಗಿದ್ದ ಕಡಜದ ಗೂಡಿಗೆ ತಗುಲಿದ್ದು ನಿನಗೆ ಗೊತ್ತು. ಅವರ ಮುಖ ಊದಿ, ಉಸಿರು ಸಿಳ್ಳೆ ಹೊಡೆಯುತ್ತಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಆಂಬುಲೆನ್ಸಿಗೆ ಫೋನ್ ಮಾಡಿದೆ, ಬಂದರು, ಬದುಕಿಸಿದರು. ಆ ಕರೆಯನ್ನು ಮೊನ್ನೆ ನಮ್ಮ ಅಂಕಿಅಂಶಗಳಲ್ಲಿ ಹುಡುಕಿದೆ. ಇದೆ. ದಶಮಾಂಶದ ಬಿಂದುವಿನಾಚೆ ಎಲ್ಲೋ ಕರಗಿಹೋಗಿದೆ.

ಅವರಿಗೆ ಕಡಜ ಇನ್ನೊಮ್ಮೆ ಕಚ್ಚಿದರೆ, ಜೇಬಿನಲ್ಲಿಟ್ಟ ಚುಚ್ಚುಮದ್ದು ಜೀವ ಹಿಡಿದಿಡುವುದು ಆಂಬುಲೆನ್ಸ್ ಬರುವವರೆಗೆ ಮಾತ್ರ ಅಂದಿದ್ದಾರೆ ಡಾಕ್ಟರು. ಈ ಸಲ ಹುಲ್ಲು ಕೊಯ್ಯಲು ಕೂಲಿಯವರನ್ನು ಕರೆಸೋಣವೆಂದರೆ ಚಿಕ್ಕಪ್ಪ, “ನಿಮ್ಮಪ್ಪನ ತಲೆಕೂದಲು ದಾರೀಲಿ ಹೋಗೋರ ಕೈಲಿ ಕತ್ತರಿಸ್ತೀಯೇನೋ?” ಅಂದರು. ಗೋಪುರದ ವಿಷಯ ಹೇಳಿದೆ. ನಕ್ಕರು. “ಸತ್ತೋರ ಹತ್ರ ಫೋನಿಲ್ಲ, ನಿನ್ನ ಲೆಕ್ಕಕ್ಕೆ ಬರಲ್ಲ ಬಿಡು. ನಾನೂ ಆ ಕಡೆಗೇ ಹೊರಟೋನು.” ಬೇಡವೆಂದು ಗಟ್ಟಿಯಾಗಿ ಹೇಳಿದರೆ ಒಬ್ಬರೇ ಹೋಗುತ್ತಾರೆ. ಅವರ ಹಟ ನಿನಗೆ ಹೊಸದಲ್ಲ.

ಒಂದು ದಾರಿಯಿತ್ತು. ಯಾವುದಾದರೂ ಗೋಪುರವನ್ನು ಕೈಯಾರೆ ಬಿಗಿದಿಟ್ಟರೆ ಪ್ರೋಗ್ರಾಂ ಅದನ್ನು ಮುಟ್ಟುವುದಿಲ್ಲ. ಕಚೇರಿಯಲ್ಲಿ ಅದಕ್ಕೆ ಮೊಳೆ ಹೊಡೆಯುವುದು ಅನ್ನುತ್ತೇವೆ. ಸೊಲ್ಗೊಲ್‌ಗೆ ಮೊಳೆ ಹೊಡೆದು ನೋಡಿದೆ. ಯಾರೂ ಕಾರಣ ಕೇಳುತ್ತಿರಲಿಲ್ಲ. ಬದಲಿಗೆ ಪ್ರೋಗ್ರಾಂ ನದಿಯಾಚೆಯ ಒಂದು ಕಣಿವೆಯ ಗೋಪುರವನ್ನು ನಂದಿಸಿತು. ಅಲ್ಲಿ ಕೆಲವೇ ಮನೆಗಳಿವೆ, ಯಾರೋ ದಿನಾ ಸಂಜೆ ಯಾರಿಗೋ ಫೋನ್ ಮಾಡುತ್ತಾರೆ. ಎರಡು ನಕ್ಷೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಕಿಟಕಿಯಾಚೆ ಜೀರುಂಡೆಗಳು ಕಿರುಚುತ್ತಿದ್ದವು. ಮೊಳೆ ಕಿತ್ತೆ. ನಿನ್ನೆ ಯೋಜನೆಗೆ ಸಹಿ ಬಿತ್ತು.

ಆರೋಗ್ಯ ನೋಡಿಕೋ. ತಣ್ಣನೆಯ ನೆಲದ ಮೇಲೆ ಮಲಗಬೇಡ. ಚಿಕ್ಕಪ್ಪ ನಿನ್ನನ್ನು ಕೇಳಿದರು. ‘ಅವನಿಗೆ ಪುರುಸೊತ್ತಿರಲ್ಲ’ ಅಂತ ತಾವೇ ಉತ್ತರವನ್ನೂ ಹೇಳಿಕೊಂಡರು.

ನಿನ್ನ ತಮ್ಮ,
ತೇಸಿಕ್

ಮರೆತಿದ್ದೆ: ಗೋಪುರ ಈ ತಿಂಗಳ ಕೊನೆಗೇ ನಿಲ್ಲುತ್ತದೆ, ನಾವು ಗುಡ್ಡ ಹತ್ತುವುದು ಅದಾದ ಮೇಲಿನ ಮೊದಲ ಭಾನುವಾರ. ಏನಾದರೂ ಆದರೆ ನಾನು ಚಿಕ್ಕಪ್ಪನ ತಲೆ ಹಿಡಿದು ಕೂರಬೇಕು. ಸಿಗ್ನಲ್ ಸಿಗುವ ರಸ್ತೆಯವರೆಗೆ ಕೆಳಗೆ ಓಡಲು ಒಬ್ಬರು ಬೇಕು. ಬಾ.